ಮೀನು ನೀರಾಗೇ ಇರ್ಲಿ

ಅಕ್ಕ-ತಂಗೇರೆ, ನಮ್ಮ ಮನೆ ಹುಡುಗ್ರು ಗಾಳಕ್ಕೆ ಬಿದ್ದ ಮೀನು ಎತ್ತಿ ಹಿಡ್ಕಂಡು ಸ್ಟೇಟಸ್ ಹಾಕ್ತಾರೆ. ಸಾರು ಮಾಡಿ ತಿಂದ್ರೆ ನನ್ನ ತಕರಾರಿಲ್ಲ. "ನಾವು ಕೊಲ್ಲಲ್ಲ ದೊಡ್ಡಮ್ಮ, ಫೋಟೋ ತಗಂಡು ವಾಪಸ್ ಬಿಡ್ತೀವಿ" ಅಂತಾರಲ್ಲ, ಜಗಳ ಅದಕ್ಕೆ.

ಮೀನಿನ ಉಸಿರು ನೀರಾಗೈತೆ. ಹೊರಗೆ ಎತ್ತಿದ್ರೆ ಕಿವಿರಿನ ಎಳೆ ಒಂದಕ್ಕೊಂದು ಅಂಟ್ಕಂತಾವೆ. ಒಣಗೈಯಾಗೆ ಹಿಡಿದ್ರೆ ಮೈ ಕಾಯೋ ಲೋಳೆ ಹೋಗ್ತೈತೆ. ಗಾಳದ ಕೂಡ ಗುದ್ದಾಡಿ ಮೊದ್ಲೇ ಸುಸ್ತಾದ ಜೀವ ಅದು. ಈಜಿ ಹೋದದ್ದೆಲ್ಲ ಬದುಕ್ತು ಅನ್ನಂಗಿಲ್ಲ.

ಭೀಮೇಶ್ವರಿ ಕಡೆ ಕಾವೇರ್‍ಯಾಗೆ ಮಹಶೀರ್ ಎತ್ತಿ ಫೋಟೋ ತೆಗೆಸ್ಕಳಾಕೆ ಹೊರದೇಶದೋರೂ ಬರ್ತಿದ್ರು. ಕಾವೇರಿ ಸೀಮೆ ಬಿಟ್ರೆ ಎಲ್ಲೂ ಇಲ್ಲದ ಆ ಡುಬ್ಬದ ಮಹಶೀರ್ 2018ರಾಗೆ ತೀರಾ ಅಳಿವಿನಂಚಿನ ಪಟ್ಟಿ ಸೇರ್ತು. ಫೋಟೋದಿಂದ್ಲೇ ಅನ್ನಲ್ಲ. ಆದ್ರೆ ಅಷ್ಟೊಂದು ಫೋಟೋ ಅದನ್ನ ಉಳಿಸ್ಲೂ ಇಲ್ಲ.

ಶೃಂಗೇರ್‍ಯಾಗೆ ನಾವು ಮೆಟ್ಲ ಮೇಲಿಂದ ಮಂಡಕ್ಕಿ ಹಾಕಿ ಮೀನು ನೋಡಿ ಬರ್ತೀವಿ. ಯಾರೂ ಎತ್ಕಳಲ್ಲ, ಆದ್ರೂ ಕಣ್ತುಂಬ್ತೈತೆ. ಅದೇ ತುಂಗೆ ಕೂಡ್ಲಿಯಾಗೆ ಭದ್ರೆ ಸೇರಿ ನಮ್ಮ ಹೊನ್ನಾಳಿಗೆ ಬರೋದು. ಅಲ್ಲಿ ದೇವರ ಮೀನು, ಇಲ್ಲಿ ಆಟದ ಸಾಮಾನಾ?

ಹುಡುಗ್ರಿಗೆ ಹೇಳ್ರಿ, ಮೀನು ನೀರಾಗಿರ್ಲಿ, ಮೊಬೈಲ್ ಹಿಡಿದೋನು ಬಗ್ಗಲಿ. ತಪ್ಪು ನಮ್ದೂ ಐತೆ, ಹಾರ್ಟ್ ಒತ್ತೋರು ನಾವೇ. ಇನ್ಮ್ಯಾಲೆ ನಾನಂತೂ ಒತ್ತಲ್ಲ.