ನಂಬಿಕೆ ಇರಲಿ, ಕಾಗದವೂ ಇರಲಿ

ಗಡಿನಾಡಿನ ವ್ಯಾಪಾರಕ್ಕೆ ಗಡಿಯ ಲೆಕ್ಕವಿಲ್ಲ. ಇಂಡಿ, ಚಡಚಣ, ಅಫಜಲಪುರ ಕಡೆಯ ಉಳ್ಳಾಗಡ್ಡಿ ಸೋಲಾಪುರದ ಬಾಜಾರಕ್ಕೆ ಹೋಗುತ್ತದೆ. ಸಿರುಗುಪ್ಪ, ರಾಯಚೂರು ಕಡೆಯ ಹತ್ತಿ ಆದವಾನಿಗೆ ಹೋಗುತ್ತದೆ. ಕಾಸರಗೋಡಿನ ಅಡಿಕೆ ಮಂಗಳೂರಿಗೆ, ತಾಳವಾಡಿಯ ತರಕಾರಿ ಚಾಮರಾಜನಗರಕ್ಕೆ ಬರುತ್ತವೆ. ಅಕ್ಕಲಕೋಟೆಯ ಅಂಗಡಿಕಾರ ನಾಲ್ಕು ಮಾತು ಕನ್ನಡದಲ್ಲಿ, ನಾಲ್ಕು ಮಾತು ಮರಾಠಿಯಲ್ಲಿ ಆಡಿ ವ್ಯವಹಾರ ಮುಗಿಸುತ್ತಾನೆ. ಕೈಯಲ್ಲಿ ರೊಕ್ಕ ಇಲ್ಲದಿದ್ದರೆ ಉದ್ರಿ. ಸುಗ್ಗಿ ಬಂದಾಗ ತೀರುತ್ತದೆ. “ನಿಮ್ಮ ನಮ್ಮ ನಡುವ ಕಾಗದ ಯಾಕ್ರಿ ಸಾವ್ಕಾರ್ರ?” ಎಂಬ ಮಾತು ಎಲ್ಲ ಬಾಜಾರಗಳಲ್ಲೂ ಕೇಳುತ್ತದೆ.

ವ್ಯವಹಾರ ಸರಿಯಿರುವ ತನಕ ಈ ಮಾತು ಚೆಂದ. ಕೆಟ್ಟ ದಿನವೇ ಗಡಿ ಎದ್ದು ನಿಲ್ಲುತ್ತದೆ. ದಾವೆ ಯಾವ ಊರಿನ ಕೋರ್ಟಿನಲ್ಲಿ, ಕಾಗದ ಯಾವ ಭಾಷೆಯಲ್ಲಿ, ವಕೀಲರು ಯಾರು, ತಾರೀಖಿಗೊಮ್ಮೆ ಬಸ್ಸಿನ ಖರ್ಚೆಷ್ಟು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಬಾಯಿಮಾತಿನ ಕರಾರು ಕಾನೂನಿನಲ್ಲಿ ಊರ್ಜಿತವೇ. ಆದರೆ ಅದನ್ನು ಸಾಬೀತು ಮಾಡಬೇಕಾದವನು ರೊಕ್ಕ ಕೇಳುವವನು. ಆದ್ದರಿಂದ ನಮ್ಮ ರೈತರೂ ವ್ಯಾಪಾರಿಗಳೂ ಕಾಗದ ಕೇಳುವುದನ್ನು ನಾಚಿಕೆಯ ವಿಷಯವೆಂದು ಭಾವಿಸುವುದನ್ನು ಬಿಡಬೇಕು, ಓದಲು ಬಾರದ ಕಾಗದಕ್ಕೆ ಸಹಿ ಹಾಕುವುದನ್ನೂ ಬಿಡಬೇಕು.

ಮೊದಲು ಕೋರಾ ಚೆಕ್ಕಿನ ಮಾತು. ಗೊಬ್ಬರ ಬೀಜ ಉದ್ರಿ ಕೊಡುವಾಗ “ಸುಮ್ನ ಭದ್ರತೆಗೆ ಇರ್ಲಿ” ಎಂದು ಸಹಿ ಮಾಡಿದ ಖಾಲಿ ಚೆಕ್ಕು ತೆಗೆದುಕೊಳ್ಳುವ ರೂಢಿ ಎಲ್ಲೆಡೆ ಬೆಳೆದಿದೆ. ಕೊಡುವವರು ಅದನ್ನು ರಸೀದಿಯಷ್ಟೇ ಹಗುರವಾಗಿ ಕೊಡುತ್ತಾರೆ. 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ ಸೇರಿಸಿದ 138ನೇ ಕಲಮು 1989ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ವಾಪಸಾದರೆ ಅದು ಬರೀ ಬಾಕಿಯ ತಂಟೆಯಲ್ಲ, ಅಪರಾಧ. ಎರಡು ವರ್ಷದವರೆಗೆ ಸೆರೆ, ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಚೆಕ್ಕನ್ನು ಸಾಲ ತೀರಿಸಲಿಕ್ಕೇ ಕೊಟ್ಟದ್ದೆಂದು ಕೋರ್ಟು ಮೊದಲೇ ಭಾವಿಸಿಕೊಳ್ಳುತ್ತದೆ. ಅಲ್ಲವೆಂದು ತೋರಿಸಬೇಕಾದವನು ಸಹಿ ಹಾಕಿದವನು. ತಾನೇ ಸಹಿ ಮಾಡಿ ಖಾಲಿ ಬಿಟ್ಟುಕೊಟ್ಟ ಚೆಕ್ಕಿನಲ್ಲಿ ಮೊತ್ತವನ್ನು ಬೇರೆಯವರು ತುಂಬಿದ್ದರೂ ಈ ಭಾವನೆ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.

ಈ ಕಾನೂನಿನಲ್ಲಿ ದಿನಗಳ ಲೆಕ್ಕ ಬಿಗಿಯಾಗಿದೆ. ಚೆಕ್ಕಿನ ಆಯುಷ್ಯ ಮೂರು ತಿಂಗಳು. ವಾಪಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲುಪಿದವನಿಗೆ ಹಣ ಕೊಡಲು 15 ದಿನ ಅವಕಾಶ. ಆಮೇಲೂ ಕೊಡದಿದ್ದರೆ ಒಂದು ತಿಂಗಳೊಳಗೆ ಫಿರ್ಯಾದಿ. ಆ 15 ದಿನದೊಳಗೆ ಹಣ ಮುಟ್ಟಿಸಿದರೆ ಅಪರಾಧವೇ ಆಗುವುದಿಲ್ಲ. ಆದ್ದರಿಂದ ಪೋಸ್ಟಮನ್ ತಂದ ನೋಟೀಸನ್ನು “ಮನ್ಯಾಗ ಇಲ್ಲಂತ ಹೇಳ್ರಿ” ಎಂದು ಕಳಿಸುವುದು ಜಾಣತನವಲ್ಲ. ಸರಿಯಾದ ವಿಳಾಸಕ್ಕೆ ಬಂದದ್ದನ್ನು ನಿರಾಕರಿಸಿದರೂ ತಲುಪಿದಂತೆಯೇ ಲೆಕ್ಕ.

ಗಡಿಯವರು ಇನ್ನೊಂದು ಸಂಗತಿ ತಿಳಿದಿರಬೇಕು. 2015ರ ತಿದ್ದುಪಡಿಯ ನಂತರ, ಚೆಕ್ಕು ಪಡೆದವನು ಅದನ್ನು ತನ್ನ ಖಾತೆಗೆ ಹಾಕಿದ್ದರೆ, ಅವನ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲೇ ಮೊಕದ್ದಮೆ ನಡೆಯುತ್ತದೆ. ಇಂಡಿಯ ರೈತ ಸೋಲಾಪುರದ ಅಂಗಡಿಗೆ ಚೆಕ್ಕು ಕೊಟ್ಟರೆ ತಾರೀಖಿಗೆ ಓಡಾಡಬೇಕಾದದ್ದು ಸೋಲಾಪುರಕ್ಕೆ.

ದಿವಾಣಿ ದಾವೆಯಲ್ಲೂ ಊರಿನ ಪ್ರಶ್ನೆ ಇದ್ದದ್ದೇ. ಪ್ರತಿವಾದಿ ವಾಸಿಸುವ ಅಥವಾ ದಂಧೆ ಮಾಡುವ ಊರು, ಇಲ್ಲವೆ ವ್ಯವಹಾರ ಪೂರ್ತಿಯಾಗಿಯೋ ಭಾಗಶಃವಾಗಿಯೋ ನಡೆದ ಊರು, ಇವುಗಳಲ್ಲಿ ದಾವೆ ಹೂಡಬಹುದು. ಆದರೆ ಬಿಲ್ಲಿನ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ “ತಂಟೆ ತಕರಾರು ಇಂಥ ಊರಿನ ಕೋರ್ಟಿಗೆ ಮಾತ್ರ” ಎಂದು ಅಚ್ಚಾಗಿರುತ್ತದೆ. ಎರಡು ಕೋರ್ಟುಗಳಿಗೂ ಅಧಿಕಾರವಿದ್ದಾಗ ಒಂದನ್ನೇ ಆರಿಸಿಕೊಳ್ಳುವ ಒಪ್ಪಂದ ನಡೆಯುತ್ತದೆಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಆ ಸಾಲು ಓದದೆ ಸಹಿ ಹಾಕಿದವರಿಗೆ ನಮ್ಮೂರ ಕೋರ್ಟಿನ ಬಾಗಿಲು ಮುಚ್ಚಬಹುದು. ಸಹಿಗೆ ಮೊದಲು ಅದನ್ನು ಹೊಡೆದುಹಾಕಲು ಕೇಳುವ ಹಕ್ಕು ಎಲ್ಲರಿಗೂ ಇದೆ.

ವ್ಯಾಪಾರಿಗಳಿಗೂ ಇದರ ಮತ್ತೊಂದು ಮಗ್ಗುಲಿದೆ. ಬೀಜ ಮೊಳೆಯದಿದ್ದರೆ ರೈತ ಗ್ರಾಹಕನಾಗಿ ಪರಿಹಾರ ಕೇಳಬಹುದೆಂದು ಆಂಧ್ರದ ರೈತರ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಆದವಾನಿಯ ಬೀಜದಂಗಡಿಯವರು ಬಳ್ಳಾರಿಗೆ ಬಂದು ಉತ್ತರ ಹೇಳಬೇಕಾದೀತು. ರೈತ ಬಿಲ್ಲು, ಚೀಲದ ಮೇಲಿನ ಚೀಟಿ ಕಾಯ್ದಿಡಬೇಕು. ಅಂಗಡಿಯವರು ತಾವು ಕಂಪನಿಯಿಂದ ತಂದ ಬಿಲ್ಲು, ಲಾಟ್ ನಂಬರು ಕಾಯ್ದಿಡಬೇಕು.

ಇನ್ನು ಹಳೆ ಬಾಕಿ. “ಬರೆದಿಟ್ಟೀನಿ, ಎಲ್ಲಿ ಹೋಗ್ತೈತಿ” ಎಂದು ಖಾತೆ ಪುಸ್ತಕ ತಟ್ಟಿ ತೋರಿಸುವ ಅಂಗಡಿಕಾರರು ಬಹಳ. ಪುಸ್ತಕದ ಬರಹ ಸಾಕ್ಷಿಯಾಗುತ್ತದೆ ನಿಜ, ಆದರೆ ಅದೊಂದರ ಮೇಲೆಯೇ ಯಾರನ್ನೂ ಹೊಣೆ ಮಾಡಲು ಬರುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಉಳಿದಿದೆ. ಮಾಲು ಪಡೆದವನ ಸಹಿ ಬೇಕು. ಮಾರಿದ ಮಾಲಿನ ಹಣಕ್ಕೆ ದಾವೆಯ ಅವಧಿ ಮೂರು ವರ್ಷ. ವಾಯಿದೆ ಗೊತ್ತುಮಾಡದಿದ್ದರೆ ಮಾಲು ಕೊಟ್ಟ ದಿನದಿಂದ, ಗೊತ್ತುಮಾಡಿದ್ದರೆ ಅದು ಮುಗಿದ ದಿನದಿಂದ ಎಣಿಕೆ. ಅಷ್ಟರೊಳಗೆ “ಇಷ್ಟು ಬಾಕಿ ಇದೆ” ಎಂದು ಸಾಲಗಾರ ಬರೆದು ಸಹಿ ಮಾಡಿದರೆ ಮತ್ತೆ ಮೂರು ವರ್ಷ ಸಿಗುತ್ತದೆ. ಪ್ರತಿ ಯುಗಾದಿಗೋ ದೀಪಾವಳಿಗೋ ಲೆಕ್ಕ ಕೂಡಿಸಿ ಇಬ್ಬರೂ ಸಹಿ ಮಾಡಿದರೆ ಸಾಕು. ಅಡತಿಗೆ ಮಾಲು ಹಾಕುವ ರೈತರೂ ಹೀಗೇ ಪಕ್ಕಾ ಪಟ್ಟಿ ಕೇಳಿ ಪಡೆಯಬೇಕು. ಹರಿದ ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಲೆಕ್ಕ ಹಿಡಿದು ಯಾವ ಬಾಜಾರ ಸಮಿತಿಯ ಮುಂದೆಯೂ ಗಟ್ಟಿಯಾಗಿ ನಿಲ್ಲಲಾಗದು.

ಜಾಮೀನಿನ ಸಹಿ ಇನ್ನೂ ಅಪಾಯದ್ದು. ಭಾವಮೈದುನ ಟ್ರ್ಯಾಕ್ಟರ್ ಕೊಂಡಾಗ “ಒಂದು ಸಹಿ ಅಷ್ಟ” ಎಂದು ಹಾಕಿದವರು ಮುಂದೆ ಕಂಗಾಲಾಗುತ್ತಾರೆ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಮೊದಲು ಅವನ ಆಸ್ತಿ ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎನ್ನುವ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಪಾಲುದಾರಿಕೆಯಲ್ಲೂ ಅಷ್ಟೇ. ಅಂಗಡಿಯ ಸಾಲಕ್ಕೆ ಒಬ್ಬೊಬ್ಬ ಪಾಲುದಾರನೂ ಪೂರ್ತಿ ಹೊಣೆ. 1932ರ ಕಾಯ್ದೆಯಂತೆ ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಣಿಯಾಗದ ಪಾಲುದಾರಿಕೆ ತನ್ನ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾರದು. ಅದರ ಮೇಲೆ ಮಾತ್ರ ಯಾರೂ ಹೂಡಬಹುದು! ಬೋರ್ಡು ಬರೆಸಲು ಖರ್ಚು ಮಾಡುವವರು ನೋಂದಣಿಗೆ ಕೈ ಹಿಂದೆಗೆಯುವುದು ಯಾಕೋ ತಿಳಿಯದು.

ಇಷ್ಟೆಲ್ಲ ಕಷ್ಟಕ್ಕೆ ಒಂದು ಬೇರು ಭಾಷೆಯಲ್ಲಿದೆ. ಮಾತಿಗೆ ಎರಡು ಭಾಷೆ ಬಲ್ಲ ನಮ್ಮವರಲ್ಲಿ ಎಷ್ಟೋ ಮಂದಿಗೆ ಓದಲು ಬರುವುದು ಒಂದೇ. ಜತ್ತದ ಕನ್ನಡಿಗ ಮರಾಠಿ ಆಡಬಲ್ಲ, ಕರಾರಿನ ಮರಾಠಿ ಓದಲಾರ. ಸಹಿ ಹಾಕಿದವನು ಓದಿಯೇ ಹಾಕಿದ್ದಾನೆಂದು ಕೋರ್ಟು ತಿಳಿಯುತ್ತದೆ; “ನಂಗ ಓದಾಕ ಬರಂಗಿಲ್ರಿ” ಎಂಬುದು ಆಮೇಲೆ ಬಹಳ ದುರ್ಬಲ ಉತ್ತರ. ಓದಿಸಿಕೊಂಡವರ ಹೆಸರು, ಸಹಿ, “ಕನ್ನಡದಲ್ಲಿ ಓದಿ ಹೇಳಲಾಗಿದೆ” ಎಂಬ ಸಾಲು ಕಾಗದದ ಮೇಲೆ ಇರಬೇಕು, ಒಂದು ಪ್ರತಿ ನಮ್ಮ ಕೈಯಲ್ಲಿರಬೇಕು. ಬ್ಯಾಂಕೇತರ ಸಾಲ ಕಂಪನಿಗಳು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬೇಕು, ಕರಾರಿನ ಪ್ರತಿ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕೇಳಿ ಪಡೆಯಿರಿ. ಅಧಿಕಾರಿಗಳಿಗೆ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ.

ಗಡಿ ಊರುಗಳ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಪೆಂಡಾಲು ಹಾಕುತ್ತವೆ, ಅದು ಆಗಲಿ. ಜೊತೆಗೆ ಉದ್ರಿ ಪತ್ರ, ಬಾಕಿ ಒಪ್ಪಿಗೆ, ಅಂಗಡಿ ಬಾಡಿಗೆ, ಪಾಲುದಾರಿಕೆ ಇವುಗಳ ಮಾದರಿಗಳನ್ನು ಎರಡು ಭಾಷೆಯಲ್ಲಿ ಅಕ್ಕಪಕ್ಕ ಅಚ್ಚು ಹಾಕಿಸಿ ಬಾಜಾರದಲ್ಲಿ ಇಟ್ಟರೆ ಅದೂ ಕನ್ನಡದ ಕೆಲಸವೇ. ತಿಂಗಳಿಗೊಮ್ಮೆ ಕನ್ನಡ ಬಲ್ಲ ವಕೀಲರೊಬ್ಬರನ್ನು ಕೂಡಿಸಿದರೆ ಇನ್ನೂ ಒಳ್ಳೆಯದು. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇಂಥ ಕೆಲಸಕ್ಕೆ ಕೈ ಕೊಡಬೇಕು. ತಂಟೆ ಆಗಲೇ ಕೋರ್ಟು ಹತ್ತಿದ್ದರೆ ಲೋಕ ಅದಾಲತ್ತಿನ ದಾರಿ ಇದೆ. ಚೆಕ್ಕಿನ ಮೊಕದ್ದಮೆಯೂ ಅಲ್ಲಿ ರಾಜಿಯಾಗಬಹುದು, ಅಲ್ಲಿನ ರಾಜಿಗೆ ಡಿಕ್ರಿಯ ಬೆಲೆ ಇದೆ.

ಕಾಗದ ಕೇಳಿದರೆ ಸ್ನೇಹ ಕೆಡುತ್ತದೆ ಎನ್ನುವವರಿಗೆ ಒಂದೇ ಮಾತು. ಉದ್ರಿ ಕೊಟ್ಟವನೂ ಪಡೆದವನೂ ಇರುವ ತನಕ ನೆನಪು ಕೆಲಸ ಮಾಡುತ್ತದೆ. ಅವರ ನಂತರ ಬರುವ ಮಕ್ಕಳಿಗೆ ಆ ನೆನಪಿಲ್ಲ. ಲೆಕ್ಕ ಎಷ್ಟಿತ್ತು, ತೀರಿತ್ತೋ ಇಲ್ಲವೋ ಎಂದು ಎರಡು ಮನೆಗಳು ಕೋರ್ಟಿನ ಮೆಟ್ಟಿಲಲ್ಲಿ ಎದುರಾಗುತ್ತವೆ. ಅವರ ನಡುವೆ ಸ್ನೇಹ ಉಳಿಯಬೇಕಾದರೆ ಇಂದೇ ಬರೆದಿಡುವುದು ಲೇಸು.