ಕನ್ನಡಿಯೊಳಗಿನ ಗಂಟು

ಸಂಘದ ಹುಡುಗರು ಕಾರ್ಯಕಾರಿ ಸಮಿತಿಯ ಮುಂದಿಟ್ಟ ಬೇಡಿಕೆ ದೊಡ್ಡದೇನಲ್ಲ. ಕನ್ನಡಕ್ಕೆ ಸಂಬಂಧಪಟ್ಟ ಸಾಫ್ಟ್‌ವೇರುಗಳ ಮೂಲ ಕೋಡು ಅಂತರ್ಜಾಲದ ಸಾರ್ವಜನಿಕ ಭಂಡಾರಗಳಲ್ಲಿ ಅಲ್ಲೊಂದು ಇಲ್ಲೊಂದು ಬಿದ್ದಿದೆ. ಅದನ್ನೆಲ್ಲ ಒಂದೇ ಕಡೆ, ಕನ್ನಡ ವಿವರಣೆಯೊಡನೆ ತೆರೆದು ನೋಡುವಂಥ ವೆಬ್ ಆ್ಯಪ್ ಕಟ್ಟುತ್ತೇವೆ, ಸರ್ವರಿನ ಬಾಡಿಗೆಗೆ ತಿಂಗಳಿಗೆ ಆರು ನೂರು ರೂಪಾಯಿ ಕೊಡಿ, ಎಂದು ಕೇಳಿದರು. ಹಿರಿಯರು ನಕ್ಕರಂತೆ. "ಗಿಟ್‌ಹಬ್ ಇರುವಾಗ ಇದೇತಕ್ಕೆ? ಕನ್ನಡ ಸಂಘಕ್ಕೂ ಕೋಡಿಗೂ ಏನಪ್ಪಾ ಸಂಬಂಧ?" ಎಂದು ಅರ್ಜಿಯನ್ನು ಬದಿಗಿಟ್ಟರಂತೆ. ರಾಜ್ಯೋತ್ಸವದ ಊಟದ ಲೆಕ್ಕವನ್ನು ನಾವಿಲ್ಲಿ ಎತ್ತುವುದಿಲ್ಲ; ಹೋಳಿಗೆ ನಮಗೂ ಪ್ರಿಯವೇ. ಆದರೆ ಆ ಎರಡು ಪ್ರಶ್ನೆಗಳನ್ನು ಉತ್ತರಿಸದೆ ಬಿಡಲಾರೆವು.

ಸಂಬಂಧ ಏನೆಂದು ತಿಳಿಯಬೇಕಾದರೆ ಇದೇ ಪತ್ರಿಕೆಯ 2000ದ ದಶಕದ ಸಂಚಿಕೆಗಳ ಕಡತವನ್ನು ಇಂದಿನ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಕನ್ನಡದ ಒಂದಕ್ಷರವೂ ಕಾಣದು. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಆಗಿನ ಫಾಂಟುಗಳು ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದವು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಮನೆ ಸಿಕ್ಕಿದ್ದರೂ ಮುದ್ರಣದವರು ಬಹುಕಾಲ ಹಳೆಯ ಬಾಡಿಗೆ ಮನೆಯಲ್ಲೇ ಉಳಿದರು. ಆ ಕಡತಗಳನ್ನು ಮತ್ತೆ ಕನ್ನಡ ಮಾಡಬಲ್ಲ ಪರಿವರ್ತಕಗಳನ್ನು ಬರೆದು, ಕೋಡನ್ನು ಬಿಟ್ಟಿಯಾಗಿ ಬಯಲಿಗಿಟ್ಟ ಪುಣ್ಯಾತ್ಮರಿದ್ದಾರೆ. ಅವುಗಳನ್ನು ಹುಡುಕುವುದಕ್ಕೆ ನಮಗೆ ಮೂರು ಭಾನುವಾರ ಹಿಡಿಯಿತು. ಒಂದೇ ಬಗೆಯವು ನಾಲ್ಕಿದ್ದವು. ಯಾವುದು ಹೊಸದು, ಯಾವುದನ್ನು ಬರೆದವರೇ ಕೈಬಿಟ್ಟಿದ್ದಾರೆ ಎಂಬುದು ತಿಳಿಯಲಿಲ್ಲ. ಎರಡಕ್ಕೆ ಲೈಸೆನ್ಸಿನ ಸಾಲೇ ಇರಲಿಲ್ಲ. ಕೋಡು ಕಣ್ಣಿಗೆ ಬಿದ್ದ ಮಾತ್ರಕ್ಕೆ ಬಳಸುವ ಹಕ್ಕು ಬಾರದು. ಬರೆದವರು ಅನುಮತಿ ಕೊಡದಿದ್ದರೆ ಅದು ಕನ್ನಡಿಯೊಳಗಿನ ಗಂಟೇ ಸರಿ.

ಇನ್ನು ಗಿಟ್‌ಹಬ್. ಇದೆ, ನಿಜ. 2006ರಲ್ಲಿ ಗೂಗಲ್ ಕೋಡ್ ಎಂಬ ಭಂಡಾರವೂ ಇತ್ತು. 2016ರ ಜನವರಿಯಲ್ಲಿ ಅದರ ಬಾಗಿಲು ಮುಚ್ಚಿತು. ಗಿಟ್‌ಹಬ್ಬನ್ನು 2018ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. 2014ರ ಡಿಸೆಂಬರಿನಲ್ಲಿ ದೂರಸಂಪರ್ಕ ಇಲಾಖೆ ತಡೆಹಿಡಿಯಲು ಹೇಳಿದ 32 ತಾಣಗಳ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಕೆಲವೇ ದಿನಗಳಲ್ಲಿ ತಡೆ ತೆರವಾಯಿತು. 2020ರ ಮೇ ತಿಂಗಳಲ್ಲಿ ಸರಕಾರವೇ ಆರೋಗ್ಯ ಸೇತುವಿನ ಕೋಡನ್ನು ಅದೇ ಗಿಟ್‌ಹಬ್ಬಿನಲ್ಲಿ ಇಟ್ಟಿತು! ಉಂಡ ಮನೆಯ ಜಂತೆ ಎಣಿಸುವ ಅಭ್ಯಾಸ ನಮಗಿಲ್ಲ, ಆದ್ದರಿಂದ ಇಷ್ಟಕ್ಕೇ ನಿಲ್ಲಿಸುತ್ತೇವೆ. ಇನ್ನೊಬ್ಬರ ಉಗ್ರಾಣದಲ್ಲಿ ನಮ್ಮ ಧಾನ್ಯವಿದ್ದರೆ ಅದರ ಪಟ್ಟಿ, ಸಾಧ್ಯವಾದರೆ ಒಂದು ಪ್ರತಿ, ನಮ್ಮ ಕೈಯಲ್ಲಿ ಇರಬೇಡವೇ ಸ್ವಾಮಿ?

ಪಟ್ಟಿಯ ಬೆಲೆ ಏನೆಂಬುದನ್ನು ಕಲಕತ್ತೆಯ ಕನ್ನಡಿಗರಿಗೆ ಬೇರೆಯವರು ಹೇಳಬೇಕಾಗಿಲ್ಲ. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯುತ್ತ ಹಳ್ಳಿ ಹಳ್ಳಿಯ ಕೈಫಿಯತ್ತು, ಶಾಸನದ ಪ್ರತಿ, ಓಲೆಗರಿಗಳನ್ನು ಕೂಡಿಹಾಕಿದ. 1821ರಲ್ಲಿ ಅವನು ಕಣ್ಣು ಮುಚ್ಚಿದಾಗ ಅದೊಂದು ರಾಶಿ. ಆ ರಾಶಿಗೆ ಹೆಸರು, ವಿವರ ಬರೆದು 1828ರಲ್ಲಿ ಕಲಕತ್ತೆಯಲ್ಲೇ ಕ್ಯಾಟಲಾಗು ಅಚ್ಚು ಹಾಕಿಸಿದವನು ಎಚ್. ಎಚ್. ವಿಲ್ಸನ್, ನಮ್ಮ ಪಾರ್ಕ್ ಸ್ಟ್ರೀಟಿನ ಒಂದನೇ ನಂಬರಿನ ಏಷಿಯಾಟಿಕ್ ಸೊಸೈಟಿಯ ಅಂದಿನ ಕಾರ್ಯದರ್ಶಿ. ಕನ್ನಡ ನಾಡಿನ ಯಾವ ಊರಿನ ಕಥೆ ಯಾವ ಕಟ್ಟಿನಲ್ಲಿದೆ ಎಂದು ಹುಡುಕುವವರಿಗೆ ದಾರಿ ತೋರಿಸಿದ್ದು ಆ ಪಟ್ಟಿ. ಆ ಕಟ್ಟಡದ ಮುಂದೆಯೇ ವಾರಕ್ಕೆ ನಾಲ್ಕು ಸಲ ಬಸ್ಸಿನಲ್ಲಿ ಹಾದುಹೋಗುವ ನಾವು, ಪಟ್ಟಿ ಮಾಡುವುದು ಕನ್ನಡದ ಕೆಲಸವಲ್ಲ ಎಂದು ಅಪ್ಪಣೆ ಕೊಡಿಸುತ್ತೇವೆ!

ಹುಡುಗರ ಯೋಜನೆಯಲ್ಲಿ ಹುಡುಗಾಟವಿಲ್ಲ. ಗುರುತು ಹೇಳದೆ ಹೋದ ಆ್ಯಪಿಗೆ ಗಿಟ್‌ಹಬ್ ಗಂಟೆಗೆ 60 ಪ್ರಶ್ನೆಗಳಿಗೆ ಮಾತ್ರ ಉತ್ತರಿಸುತ್ತದೆ. ಓದುಗರು ಕೇಳಿದಾಗಲೆಲ್ಲ ಅಲ್ಲಿಗೆ ಓಡಿದರೆ ಹತ್ತು ಜನ ಬರುವಷ್ಟರಲ್ಲಿ ಬಾಗಿಲು ಬಂದ್. ಆದುದರಿಂದ ರಾತ್ರಿ ಒಮ್ಮೆ ವಿವರ ತಂದು ನಮ್ಮಲ್ಲಿಟ್ಟುಕೊಂಡು, ಹಗಲು ಅದನ್ನೇ ತೋರಿಸುವುದು. ಲೈಸೆನ್ಸು ಅನುಮತಿಸುವ ಕಡೆ, ಹಳೆಯ ತಿದ್ದುಪಡಿಗಳ ಸಮೇತ ಇಡೀ ಕೋಡಿನ ಪ್ರತಿ ಇಳಿಸಿಕೊಳ್ಳುವುದು. 2005ರಲ್ಲಿ ಬಂದ ಗಿಟ್ ಇರುವುದೇ ಅದಕ್ಕೆ. ಪ್ರತಿಯೊಂದಕ್ಕೂ ನಾಲ್ಕು ಸಾಲು ಕನ್ನಡ: ಇದು ಏನು ಮಾಡುತ್ತದೆ, ಯಾರು ಬಳಸಬಹುದು, ಕೊನೆಗೆ ತಿದ್ದಿದ್ದು ಎಂದು.

ಆ ನಾಲ್ಕು ಸಾಲನ್ನು ಬರೆಯುವವರು ಯಾರು? ಇಲ್ಲೇ ಹುಟ್ಟಿ, ಶಾಲೆಯಲ್ಲಿ ಬಂಗಾಳಿ, ಹಿಂದಿ, ಇಂಗ್ಲಿಷ್ ಕಲಿತು, ಕನ್ನಡವನ್ನು ಅಡಿಗೆಮನೆಯಲ್ಲಿ ಮಾತ್ರ ಆಡುವ ನಮ್ಮ ಮಕ್ಕಳು. ಕೋಡು ಅವರಿಗೆ ಓದಲು ಬರುತ್ತದೆ, ಕನ್ನಡ ಬರೆಯಲು ಬಾರದು. ತಂದೆತಾಯಿಯರಿಗೆ ಕನ್ನಡ ಬರುತ್ತದೆ, ಕೋಡು ಬಾರದು. ಭಾನುವಾರದ ಕನ್ನಡ ತರಗತಿಗೆ ಬಾರದ ಹುಡುಗ ಈ ಕೆಲಸಕ್ಕೆ ತಾನಾಗಿ ಬಂದು, "ಅಪ್ಪಾ, ಲೈಬ್ರರಿಗೆ ಕನ್ನಡದಲ್ಲಿ ಏನೆನ್ನಬೇಕು?" ಎಂದು ಕೇಳುತ್ತಿದ್ದಾನೆ. ಅವನ ಮುಂದೆ ನಕ್ಕವರು ಯಾವ ಮುಖದಿಂದ ಮುಂದಿನ ನವೆಂಬರಿನಲ್ಲಿ 'ಯುವಪೀಳಿಗೆ ಮತ್ತು ಕನ್ನಡ' ಎಂದು ಭಾಷಣ ಮಾಡುತ್ತಾರೆ?

ವರ್ಷಕ್ಕೆ ಏಳು ಸಾವಿರದ ಇನ್ನೂರು ರೂಪಾಯಿ. ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಬೇಕೆಂದು ಲಿಖಿತವಾಗಿ ಕೇಳಿದ್ದೇವೆ. ವಿರೋಧಿಸುವ ಮಹನೀಯರು ಅಂದು ಬಂದು, ಆ ಮಕ್ಕಳ ಎದುರಿಗೇ ಕಾರಣ ಹೇಳಲಿ.