ದಿಡ್ಡಿ ಬಾಗಿಲಿನ ಕಾವಲು

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಕೋಟೆಯನ್ನು ಕಂಡು ಕಟ್ಟಿದರೋ ತಿಳಿಯದು. 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ನಡೆದ ಪ್ರಕರಣಕ್ಕಂತೂ ಅದು ಅಕ್ಷರಶಃ ಒಪ್ಪುತ್ತದೆ. ಆ ದೇಶದ ಪೂರ್ವ ಕರಾವಳಿಗೆ ಬೇಕಾಗುವ ಇಂಧನದ ಅರ್ಧಕ್ಕೆ ತುಸು ಕಡಿಮೆ ಭಾಗವನ್ನು ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಕಂಪೆನಿಯ ಗಣಕ ಜಾಲಕ್ಕೆ ದರೋಡೆಕೋರರು ನುಗ್ಗಿದರು. ಅವರು ಮುಖ್ಯದ್ವಾರವನ್ನು ಮುರಿಯಬೇಕಾಗಲಿಲ್ಲ. ದೂರದಿಂದ ಕೆಲಸ ಮಾಡುವವರಿಗೆಂದು ಹಿಂದೆಂದೋ ತೆರೆದು, ಬಳಕೆ ತಪ್ಪಿದ ಮೇಲೆಯೂ ಮುಚ್ಚದೆ ಬಿಟ್ಟಿದ್ದ ಖಾತೆಯೊಂದರ ಪಾಸ್‌ವರ್ಡು ಅವರ ಕೈಗೆ ಸಿಕ್ಕಿತ್ತು. ಪಾಸ್‌ವರ್ಡಿನ ಹೊರತು ಬೇರೆ ಯಾವ ಪರೀಕ್ಷೆಯೂ ಆ ಬಾಗಿಲಲ್ಲಿ ಇರಲಿಲ್ಲ. ಐದು ದಿನಗಳ ಕಾಲ ಕೊಳವೆಮಾರ್ಗ ಸ್ತಬ್ಧವಾಯಿತು. ಪೆಟ್ರೋಲು ಬಂಕುಗಳ ಮುಂದೆ ಸಾಲುಗಳು ಬೆಳೆದವು. ಕಂಪೆನಿಯು ಸುಮಾರು 44 ಲಕ್ಷ ಡಾಲರುಗಳನ್ನು ಒತ್ತೆಹಣವಾಗಿ ತೆತ್ತಿತು.

ಆಧುನಿಕ ಸಂಸ್ಥೆಗಳು ಗೋಡೆಗೆ ಧಾರಾಳವಾಗಿ ವೆಚ್ಚ ಮಾಡುತ್ತವೆ; ಬೀಗದ ಕೈಗಳನ್ನು ಎಣಿಸುವ ಕೆಲಸ ಮಾತ್ರ ಯಾರಿಗೂ ಸೇರದೆ ಉಳಿಯುತ್ತದೆ. ಒಳಗೆ ಬಂದವನು ಯಾರು, ಅವನಿಗೆ ಎಷ್ಟರವರೆಗೆ ಅಧಿಕಾರ, ಆ ಅಧಿಕಾರ ಮುಗಿದುದು ಯಾವಾಗ ಎಂಬುದಕ್ಕೆ ಉತ್ತರ ಹೇಳಬಲ್ಲ ಕಚೇರಿಗಳು ಎಷ್ಟಿವೆ? ಪಾಸ್‌ವರ್ಡೆಂಬುದೇನೂ ಇಂದು ನಿನ್ನೆಯ ವಸ್ತುವಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಗಣಕಯಂತ್ರವೊಂದನ್ನು ಅನೇಕರು ಹಂಚಿಕೊಂಡು ಬಳಸತೊಡಗಿದಾಗ ಅದು ಬಂತು. 1962ರಲ್ಲಿಯೇ ಅಲನ್ ಶೆರ್ ಎಂಬ ಸಂಶೋಧಕರು, ತಮಗೆ ಯಂತ್ರ ಇನ್ನಷ್ಟು ಹೊತ್ತು ದೊರೆಯಲೆಂದು, ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನು ಮುದ್ರಿಸಿಕೊಂಡುಬಿಟ್ಟರು! ಬೀಗವೂ ಕಳ್ಳಕೀಲಿಯೂ ಹೆಚ್ಚುಕಡಿಮೆ ಅವಳಿ ಮಕ್ಕಳೆಂದೇ ಹೇಳಬೇಕು.

ನಮ್ಮ ದೇಶದ ಅನುಭವವೂ ಬೇರೆಯಲ್ಲ. 2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಶನಲ್ ಬ್ಯಾಂಕಿನ ಬ್ರಾಡಿ ಹೌಸ್ ಶಾಖೆಯ ಪ್ರಕರಣ ಬಯಲಿಗೆ ಬಂದುದನ್ನು ಮುಂಬಯಿಯ ವಾಚಕರು ಮರೆತಿರಲಾರರು. ಮೊದಲಿಗೆ ಸುಮಾರು 11,400 ಕೋಟಿ ರೂಪಾಯಿಯೆಂದು ಪ್ರಕಟವಾದ ಮೊತ್ತ ಮುಂದೆ 13,000 ಕೋಟಿಯನ್ನು ದಾಟಿತು. ಹೊಣೆಪತ್ರಗಳ ಸಂದೇಶವನ್ನು ಹೊರದೇಶಕ್ಕೆ ಒಯ್ಯುವ ಸ್ವಿಫ್ಟ್ ವ್ಯವಸ್ಥೆಗೂ ಬ್ಯಾಂಕಿನ ಮೂಲ ಲೆಕ್ಕದ ವ್ಯವಸ್ಥೆಗೂ ನೇರ ಸಂಪರ್ಕವಿರಲಿಲ್ಲವಾಗಿ, ಇಲ್ಲಿಂದ ಹೊರಟುದು ಅಲ್ಲಿ ದಾಖಲಾಗಲಿಲ್ಲ. ಪಾಸ್‌ವರ್ಡುಗಳು ಹೊರಗಿನವರ ಕೈಗೂ ಸೇರಿದ್ದವೆಂಬ ಆರೋಪ ತನಿಖೆಯ ಕಾಲದಲ್ಲಿ ಕೇಳಿಬಂತು. ಅದರ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಆದರೆ ಸ್ವಿಫ್ಟ್‌ನ ದುರುಪಯೋಗದ ಸಂಭವವನ್ನು ಕುರಿತು 2016ರ ಆಗಸ್ಟಿನಿಂದಲೇ ಬ್ಯಾಂಕುಗಳಿಗೆ ಮೂರು ಬಾರಿಯಾದರೂ ಎಚ್ಚರಿಕೆ ಕೊಟ್ಟಿದ್ದುದಾಗಿ ರಿಸರ್ವ್ ಬ್ಯಾಂಕು ಆಮೇಲೆ ಹೇಳಿತು. ಅದೇ ವರ್ಷದ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಹೆಸರಿನಲ್ಲಿ ಸುಳ್ಳು ಸಂದೇಶಗಳು ಹೊರಟು, 8 ಕೋಟಿ 10 ಲಕ್ಷ ಡಾಲರು ಫಿಲಿಪ್ಪೀನ್ಸಿನ ಪಾಲಾಗಿತ್ತಷ್ಟೆ. ಇಷ್ಟಾದರೂ ಬಾಗಿಲು ಹಾಕಿದ್ದು ಕೊಳ್ಳೆಯ ತರುವಾಯವೇ.

ಕೋಟಿಗಳ ಮಾತು ದೊಡ್ಡವರದಾಯಿತು. ನಮ್ಮ ಮನಸ್ಸನ್ನು ಹೆಚ್ಚಾಗಿ ಕೊರೆದುದು ಒಂದು ಸಣ್ಣ ಸಂಗತಿ. ನಮಗೆ ಪರಿಚಿತರಾದ ಕನ್ನಡಿಗ ತರುಣರೊಬ್ಬರು ಉಪನಗರದ ಒಂದು ಸಣ್ಣ ಸಹಕಾರಿ ಪತ್ತಿನ ಸಂಘದಲ್ಲಿ ಗುಮಾಸ್ತರು. ಅಲ್ಲಿ ಮೇಜುಗಳು ಮೂರು, ಗಣಕಯಂತ್ರಗಳು ಮೂರು, ಆದರೆ ಒಳಹೋಗುವ ಹೆಸರು ಒಂದೇ. ಅದೂ ನಿವೃತ್ತರಾಗಿ ಹೋದ ವ್ಯವಸ್ಥಾಪಕರದು. ಪಾಸ್‌ವರ್ಡನ್ನು ಕೀಲಿಮಣೆಯ ಅಡಿಯಲ್ಲಿ ಚೀಟಿಯಾಗಿ ಅಂಟಿಸಿತ್ತು. ಒಂದು ಸಂಜೆ ಯಾರದೋ ಠೇವಣಿ ಅವಧಿಗೆ ಮುನ್ನವೇ ಮುಕ್ತಾಯವಾದುದಾಗಿ ಲೆಕ್ಕಪರಿಶೋಧಕರ ಕಣ್ಣಿಗೆ ಬಿತ್ತು. ಅರ್ಜಿ ಮಾತ್ರ ಕಡತದಲ್ಲಿಲ್ಲ. ಮಾಡಿದವರು ಯಾರು? ಯಂತ್ರವನ್ನು ಕೇಳಿದರೆ ನಿವೃತ್ತರ ಹೆಸರನ್ನು ಹೇಳುತ್ತದೆ. ಮೂವರಲ್ಲಿ ಕಿರಿಯರಾದ ಈ ತರುಣರನ್ನು ಅಮಾನತಿನಲ್ಲಿಟ್ಟರು. ನಾಲ್ಕು ತಿಂಗಳ ಮೇಲೆ ಠೇವಣಿದಾರರ ಸಹಿಯುಳ್ಳ ಅರ್ಜಿ ಮತ್ತೊಂದು ಕಡತದಲ್ಲಿ ದೊರೆಯಿತು. ಒಂದು ಕಾಸೂ ಕಳುವಾಗಿರಲಿಲ್ಲ. ಇವರು ಕೆಲಸಕ್ಕೆ ಮರಳಿದರು. ಆದರೆ ಆ ನಾಲ್ಕು ತಿಂಗಳು ಚಾಳಿನ ಮೆಟ್ಟಿಲು ಹತ್ತಿ ಇಳಿಯುವಾಗ ಅವರು ತಲೆಯೆತ್ತಿ ನಡೆದವರಲ್ಲ.

ಪ್ರತಿಯೊಬ್ಬನಿಗೂ ಪ್ರತ್ಯೇಕ ಖಾತೆಯೆಂದೊಡನೆ ಅದನ್ನು ನೌಕರರ ಮೇಲಿನ ಅವಿಶ್ವಾಸವೆಂದು ತಿಳಿಯುವವರಿದ್ದಾರೆ. ನಮ್ಮ ಸಂಘಸಂಸ್ಥೆಗಳಲ್ಲಿ ಇದು ವಿಶೇಷ. ‘ಎಲ್ಲರೂ ನಮ್ಮವರೇ, ಊರಿನವರೇ’ ಎಂಬ ಸೌಜನ್ಯದ ಮಾತಿನಲ್ಲಿ ಒಂದೇ ಕೀಲಿ ಹತ್ತು ಕೈಗಳಲ್ಲಿ ಓಡಾಡುತ್ತದೆ. ಈ ಸೌಜನ್ಯ ಕೇಡಿಗನನ್ನು ಕಾಯುತ್ತದೆಯೇ ಹೊರತು ಪ್ರಾಮಾಣಿಕನನ್ನಲ್ಲ. ‘ಇದನ್ನು ನಾನು ಮಾಡಿಲ್ಲ’ ಎಂದು ರುಜುವಾತು ಮಾಡಲು ಚಿಕ್ಕ ನೌಕರನಿಗಿರುವ ಸಾಧನ ಅವನ ಹೆಸರಿನ ಪ್ರತ್ಯೇಕ ದಾಖಲೆಯೊಂದೇ. ಅದನ್ನು ಕಿತ್ತುಕೊಂಡ ಸಂಸ್ಥೆ ಅವನಿಂದ ಪ್ರಾಮಾಣಿಕತೆಯ ಪ್ರಮಾಣ ಕೇಳುವುದು ಯಾವ ನ್ಯಾಯ?

ಇದಕ್ಕೆ ಭಾರಿ ಬಂಡವಾಳ ಬೇಕಿಲ್ಲ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಅದಕ್ಕಿಂತ ಹೆಚ್ಚಿಲ್ಲ ಎಂಬ ಸೂತ್ರವನ್ನು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ವಿದ್ವಾಂಸರು 1975ರಷ್ಟು ಹಿಂದೆಯೇ ವಿವರಿಸಿದ್ದಾರೆ. ಪಾಸ್‌ವರ್ಡಿನೊಂದಿಗೆ ಎರಡನೆಯ ಪರೀಕ್ಷೆಯೊಂದು ಇರಲಿ, ಯು.ಪಿ.ಐ. ಬಳಸುವ ತರಕಾರಿ ವ್ಯಾಪಾರಿಗೂ ಇಂದು ಇಂತಹುದು ಅಭ್ಯಾಸವಾಗಿದೆ. ತಿಂಗಳು ತಿಂಗಳು ಪಾಸ್‌ವರ್ಡು ಬದಲಿಸಬೇಕೆಂಬ ಹಳೆಯ ಕಟ್ಟಳೆಯನ್ನು ಬಿಟ್ಟರೆ ನಷ್ಟವಿಲ್ಲ. ಕಾರಣವಿಲ್ಲದೆ ಹಾಗೆ ಬದಲಿಸಲು ಒತ್ತಾಯಿಸಬಾರದೆಂದು ಅಮೆರಿಕದ ರಾಷ್ಟ್ರೀಯ ಪ್ರಮಾಣ ಸಂಸ್ಥೆಯೇ 2017ರಲ್ಲಿ ಸಲಹೆ ನೀಡಿತು. ಕೀಲಿಮಣೆಯ ಅಡಿಯ ಚೀಟಿಗಳು ಹುಟ್ಟುವುದು ಇಂತಹ ಒತ್ತಾಯದಿಂದಲೇ ಅಲ್ಲವೆ? ಎಲ್ಲಕ್ಕಿಂತ ಮುಖ್ಯವಾದುದು ಬೀಳ್ಕೊಡುಗೆಯ ದಿನ. ಹಾರ ಹಾಕಿ, ಫಲತಾಂಬೂಲ ಕೊಟ್ಟು, ಕಪಾಟಿನ ಕೈಯನ್ನು ಮರಳಿ ಪಡೆಯುವ ಸಂಸ್ಥೆ ಅಂದೇ ಸಂಜೆಯೊಳಗೆ ಆ ಹೆಸರಿನ ಖಾತೆಯನ್ನೂ ಮುಚ್ಚಬೇಕು. ಗುತ್ತಿಗೆಯವರು, ಲೆಕ್ಕಪರಿಶೋಧಕರ ಸಹಾಯಕರು, ಯಂತ್ರ ದುರಸ್ತಿಗೆ ಬಂದುಹೋದವರು ಇವರ ಖಾತೆಗಳನ್ನಂತೂ ಕೇಳುವವರೇ ಇಲ್ಲ.

ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯಲ್ಲಿ, ತಕ್ಕ ಭದ್ರತೆಯನ್ನು ಏರ್ಪಡಿಸದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸುವ ಅವಕಾಶವಿದೆ. 2025ರ ನವೆಂಬರಿನಲ್ಲಿ ಪ್ರಕಟವಾದ ಅದರ ನಿಯಮಗಳು ಮಾಹಿತಿಯನ್ನು ಯಾರು ಮುಟ್ಟಿದರೆಂಬ ದಾಖಲೆಯನ್ನೂ ಕೇಳುತ್ತವೆ. ಅವು ಹಂತ ಹಂತವಾಗಿ ಜಾರಿಗೆ ಬರಲಿವೆ. ಸದಸ್ಯರ ವಿಳಾಸ, ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಪ್ರತಿಗಳನ್ನು ಗಣಕದಲ್ಲಿ ತುಂಬಿಟ್ಟುಕೊಂಡಿರುವ ನಮ್ಮ ಕನ್ನಡ ಸಂಘಗಳು, ಶಾಲೆಗಳು, ಪತ್ತಿನ ಸಂಘಗಳು ಆ ದಿನದವರೆಗೆ ಕಾಯಬೇಕೆಂದಿಲ್ಲ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಆಯವ್ಯಯದ ಪತ್ರವನ್ನು ಮಂಡಿಸುವಾಗ, ಸಂಸ್ಥೆಯ ಗಣಕಕ್ಕೆ ಯಾರು ಯಾರಿಗೆ ಪ್ರವೇಶವಿದೆ, ಬಿಟ್ಟುಹೋದವರ ಪೈಕಿ ಎಷ್ಟು ಮಂದಿಯ ಖಾತೆಗಳು ಇನ್ನೂ ತೆರೆದಿವೆ ಎಂಬ ಒಂದು ಪಟ್ಟಿಯನ್ನೂ ಸಭೆಯ ಮುಂದಿಡುವಂತೆ ಸದಸ್ಯರು ಕಾರ್ಯದರ್ಶಿಗಳನ್ನು ಕೇಳಬೇಕೆಂದು ನಾವು ಸೂಚಿಸುತ್ತೇವೆ.